ಎರಡು ಕ್ವಾಚಾಗಳ ಧಾರಣೆ

ಪೇಪರಿನಲ್ಲಿ ಅಡಿಕೆ ಧಾರಣೆ ಕಂಡರೆ ಇತ್ತೀಚೆಗೆ ನಾನು ಪುಟ ತಿರುವಿಬಿಡುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಬೆಟ್ಟೆ ಅಡಿಕೆ ಎಷ್ಟಕ್ಕೆ ನಿಂತಿತು ಎಂದು ಓದುತ್ತಾ ಕಾಫಿ ಕುಡಿಯುವುದು ನಮ್ಮ ಶಿವಮೊಗ್ಗದ ಚಟ. ಒಂದು ಮರವೂ ಇಲ್ಲದವರು ಇನ್ನೂ ಗಮನವಿಟ್ಟು ಓದುತ್ತಾರೆ. ನಾನಂತೂ ಅಡಿಕೆ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತ. ಆದರೆ ಇವತ್ತು ಕಾಫಿ ಇಳಿಯಲಿಲ್ಲ. ಹನ್ನೊಂದಕ್ಕೆ ಭದ್ರಾವತಿಯಿಂದ ಅಕ್ಕ ಬರುವವಳಿದ್ದಳು, ಆಮೇಲೆ ಆಫ್ರಿಕಾದಿಂದ ಭಾವನ ಫೋನ್ ಬರುವುದಿತ್ತು. ಅಕ್ಕನಿಂದ ಎರಡು ವರ್ಷ ಮುಚ್ಚಿಟ್ಟ ಒಂದು ವಿಷಯ ಇವತ್ತು ಹೊರಬಿದ್ದರೇನು ಗತಿ ಎಂಬ ಭಯ.

ಭಾವ ಫಿಟ್ಟರ್. ಭದ್ರಾವತಿಯಲ್ಲಿ ಕೆಲಸ ಹೋದ ಮೇಲೆ ಮಲಾವಿ ಎಂಬ ಸಣ್ಣ ದೇಶದ ಸಕ್ಕರೆ ಕಾರ್ಖಾನೆ ಸೇರಿದರು. ಅಕ್ಕ ಭದ್ರಾವತಿಯಲ್ಲೇ ಬಾಡಿಗೆ ಮನೆಯಲ್ಲಿ ಉಳಿದಳು. ಇರುವ ಸೈಟಿನಲ್ಲಿ ಮೂರು ರೂಮಿನ ಮನೆ ಕಟ್ಟುವಷ್ಟು ದುಡ್ಡಾದ ದಿನ ವಾಪಸ್ ಬರುತ್ತೇನೆ ಎಂದು ಭಾವ ಅವಳಿಗೆ ಮಾತು ಕೊಟ್ಟಿದ್ದರು. ದುಡ್ಡೂ ಆಯಿತು, ಕರಾರೂ ಮುಗಿಯಿತು. ತೊಡಕೆಂದರೆ, ಅಲ್ಲಿನ ಬ್ಯಾಂಕಿನಲ್ಲಿ ಡಾಲರ್ ಸಿಗುತ್ತಿರಲಿಲ್ಲ. ಪಕ್ಕದ ಜಾಂಬಿಯಾದ ದುಡ್ಡಿಗೆ ಬದಲಾಯಿಸಿಕೊಂಡು ಅಲ್ಲಿಂದ ಊರಿಗೆ ಕಳಿಸಬೇಕು. "ರೇಟು ಸ್ವಲ್ಪ ಕಮ್ಮಿ ಇದೆ ಮಾರಾಯ. ಈಗ್ಲೇ ಬದಲಾಯಿಸ್ಲೋ, ಕಾಯ್ಲೋ?" ಎಂದು ನನ್ನನ್ನು ಕೇಳಿದರು.

ಕೇಳಬಾರದವನನ್ನು ಕೇಳಿದರು ನೋಡಿ. ನಾನು ಓದಿದ್ದು ಬಿಕಾಂ, ಅದೂ ಎರಡನೇ ಸಲಕ್ಕೆ ಪಾಸು. ಆದರೆ ಯಾರಾದರೂ ಸಲಹೆ ಕೇಳಿದರೆ ನನಗೆ ಎರಡು ಕೊಂಬು ಬರುತ್ತವೆ. ನಾಲ್ಕು ದಿನ ಫೋನಿನಲ್ಲಿ ಆ ಎರಡು ದೇಶಗಳ ದುಡ್ಡಿನ ಚರಿತ್ರೆ ಓದಿದೆ. ಇಂಗ್ಲಿಷರ ಕೈಕೆಳಗೆ ಇಬ್ಬರಿಗೂ ಒಂದೇ ಪೌಂಡು. ಸ್ವಾತಂತ್ರ್ಯ ಬಂದ ಮೇಲೆ ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ನೋಟು ಮಾಡಿಕೊಂಡರು. ಹೆಸರು ಮಾತ್ರ ಇಬ್ಬರದೂ ಕ್ವಾಚಾ. ಬೆಳಗಾಯಿತು ಎಂದು ಅರ್ಥವಂತೆ. ಮೊದಮೊದಲು ಒಂದಕ್ಕೆ ಹೆಚ್ಚುಕಮ್ಮಿ ಒಂದು. ಆಮೇಲೆ ಜಾಂಬಿಯಾದ ಕ್ವಾಚಾ ಬಿದ್ದು ಬಿದ್ದು, ಎಣಿಸಲಾರದೆ ಕೊನೆಗೆ ನೋಟಿನ ಮೇಲಿನ ಮೂರು ಸೊನ್ನೆ ಹೊಡೆದುಹಾಕಿದರು. ಅದಾದ ಮೇಲೆ ಇಳಿಯುವ ಸರದಿ ಮಲಾವಿಯದು.

ಇಷ್ಟು ಓದಿದ್ದೇ ತಡ, ನನಗೆ ಎಲ್ಲ ತಿಳಿದುಹೋಯಿತು. ಕುಂಸಿ ಕಡೆಯ ಬೆಳೆಗಾರರು ಮಂಡಿಗೆ ಮೂಟೆ ಇಳಿಸಿ "ಮಾರ್ಲೋ, ಇಡ್ಲೋ?" ಎಂದರೆ ನಾನು "ಇಡಿ" ಎನ್ನುವವನು. ಬಿದ್ದ ಧಾರಣೆ ಒಂದಲ್ಲ ಒಂದು ದಿನ ಎದ್ದಿದೆ. ಎದ್ದಾಗ ಅವರು ಸಂತೋಷಕ್ಕೆ ಚೀಲದ ತುಂಬ ಸೌತೆಕಾಯಿ ತಂದುಕೊಟ್ಟದ್ದೂ ಉಂಟು. ಹಾಗೇ ಇಳಿದ ಕ್ವಾಚಾವೂ ಏರಲೇಬೇಕಲ್ಲ? "ಕಾಯಿರಿ ಭಾವ, ರೇಟು ಬಂದೇ ಬರುತ್ತೆ" ಎಂದೆ. ಅಡಿಕೆಗಾದರೆ ಕೊನೆಗೆ ಅಗಿಯುವವನೊಬ್ಬ ಇರುತ್ತಾನೆ. ಕ್ವಾಚಾ ಅಗಿಯುವವರು ಯಾರು? ಅದು ನನಗೆ ಹೊಳೆಯಲೇ ಇಲ್ಲ.

ಭಾವ ನನ್ನ ಮಾತು ನಂಬಿ ಕಾದರು. ಕೆಲವೇ ತಿಂಗಳಲ್ಲಿ ಒಂದು ದಿನ ಮಲಾವಿಯವರೇ ತಮ್ಮ ಕ್ವಾಚಾದ ಬೆಲೆ ಇಳಿಸಿಬಿಟ್ಟರು. ಮೂರು ರೂಮಿನಲ್ಲಿ ಹತ್ತಿರ ಹತ್ತಿರ ಒಂದು ರೂಮು ಅವತ್ತೇ ಹೋಯಿತು. ಅದನ್ನು ತುಂಬಿಕೊಳ್ಳಲು ಭಾವ ಉಳಿದದ್ದನ್ನು ಜಾಂಬಿಯಾದ ಕ್ವಾಚಾಕ್ಕೆ ಬದಲಾಯಿಸಿಕೊಂಡು, ಊರಿಗೆ ಬರುವ ಬದಲು ಅಲ್ಲಿನ ಕಾರ್ಖಾನೆಗೆ ಎರಡು ವರ್ಷಕ್ಕೆ ಸಹಿ ಹಾಕಿದರು.

ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ಯಾರೋ ಕಾಯಿ ಅಂದ್ರಂತೆ ಕಣೋ, ಇವ್ರು ಕಾದ್ರಂತೆ. ಅವನ ಬಾಯಿಗೆ ಮಣ್ಣು ಹಾಕ!" ಭಾವ ಪುಣ್ಯಾತ್ಮ, ಹೆಸರು ಹೇಳಿರಲಿಲ್ಲ. ನಾನೇ ಹೇಳಬಹುದಿತ್ತು. "ಹೂಂ ಅಕ್ಕಾ, ಎಂಥೆಂಥವ್ರು ಇರ್ತಾರೆ" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಂದ ಶುರುವಾಯಿತು ನನ್ನ ರೋಗ. ಮಂಡಿಯಲ್ಲಿ ಮೂಟೆ ತೂಗುವಾಗಲೂ ಮೊಬೈಲಿನಲ್ಲಿ ಎರಡು ಕ್ವಾಚಾಗಳ ರೇಟು ನೋಡುತ್ತೇನೆ. ಭಾವನ ಬಳಿ ಈಗ ಮಲಾವಿಯ ಒಂದು ನೋಟೂ ಇಲ್ಲ, ಆದರೂ ಮಲಾವಿಯದು ಏರಿತೇ ಎಂದು ನೋಡುತ್ತೇನೆ. ಏರಿಲ್ಲ.

ಅಕ್ಕ ಬಂದಳು. ಕಾಲು ತೊಳೆದು ಕೂರುವಷ್ಟರಲ್ಲಿ ನನ್ನ ಮೊಬೈಲಿಗೆ ಭಾವನ ಫೋನ್ ಬಂತು. ಅವಳೇ ಸ್ಪೀಕರ್ ಹಾಕಿದಳು.

"ಏನ್ ಮಾರಾಯ, ಮೂರನೇ ರೂಮಿಗೆ ಇನ್ನೂ ಸ್ವಲ್ಪ ಸಾಲ್ದು, ಆದ್ರೆ ಇಲ್ಲಿ ರೇಟು ಮೇಲೆ ಹೋಗ್ತಾ ಇದೆ. ಇದ್ದದ್ದು ಊರಿಗೆ ಕಳಿಸಿ ಹೊರಟುಬಿಡ್ಲೋ, ಇನ್ನೊಂದಾರು ತಿಂಗಳು ಕಾಯ್ಲೋ? ಹೋದ್ಸಲ ನೀನು ಕಾಯಿರಿ ಅಂದೆ, ಕಾದೆ. ಈ ಸಲ ಏನ್ ಹೇಳ್ತೀಯ?"

ಪಾಪ, ಅಕ್ಕನಿಗೆ ಗೊತ್ತಿಲ್ಲ ಎಂಬುದು ಅವರಿಗೆ ಮರೆತೇಹೋಗಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

"ನೀನೇನೋ?"

"ಹೌದಕ್ಕಾ. ನಾನೇ."

ಅವಳು ಫೋನ್ ಬಾಯಿಯ ಹತ್ತಿರ ಹಿಡಿದುಕೊಂಡಳು. "ರೀ, ಇವನನ್ನ ಕೇಳ್ಬೇಡಿ. ನಾನು ಹೇಳ್ತೀನಿ. ಇವತ್ತೇ ಕಳಿಸಿ, ಟಿಕೆಟ್ ತಗೊಳ್ಳಿ. ಎರಡೇ ರೂಮು ಕಟ್ಟೋಣ." ಭಾವ "ಆಯ್ತು ಮಾರಾಯ್ತಿ" ಎಂದರು.

ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅಕ್ಕ ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎರಡು ದೀಪಾವಳಿ ಹೋಯ್ತಲ್ಲೋ" ಎಂದಳು. ಆಮೇಲೆ, "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ರೇಟು ಬಂದ್ಮೇಲೆ ಹೇಳೋಣ ಅಂತ ಕಾಯ್ತಿದ್ದೆ ಅಕ್ಕಾ" ಎಂದೆ.