ನರಿಕೊಂಬಿನ ಸೇಸಮ್ಮನ ಸದ್ದಿಲ್ಲದ ಪೆಟ್ಟಿಗೆ

ಬೆಳಗಿನ ಐದು ಗಂಟೆ. ಬಂಟ್ವಾಳದ ಪಕ್ಕದ ನರಿಕೊಂಬಿನ ಹಂಚಿನ ಮನೆಯೊಂದರ ಹಿಂಬದಿಯಲ್ಲಿ ಸೇಸಮ್ಮ ಒಂದು ಕೊಡ ನೀರು ಹಿಡಿದು ನಿಂತಿದ್ದಾರೆ. ತುಳಸಿಗೆ ಅಲ್ಲ, ಬಸಳೆ ಚಪ್ಪರಕ್ಕೂ ಅಲ್ಲ. ಗೋಡೆಯ ಬುಡದಲ್ಲಿ ಒಂದು ಗುಂಡಿ, ಅದರಲ್ಲಿ ಹೂತ ಕಬ್ಬಿಣದ ಪೈಪು, ಪೈಪಿಗೆ ಬಿಗಿದ ತಾಮ್ರದ ತಂತಿ. ಅದು ಮನೆಯ ಕರೆಂಟಿನ ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ದಾರಿ. ಈ ಕಡೆಯ ಕೆಂಪು ಮುರಕಲ್ಲಿನ ನೆಲ ಜನವರಿ ಬಂತೆಂದರೆ ಒಣಗಿ ಕೂರುತ್ತದೆ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಹಾಗಾಗಿ ದಿನಾ ಒಂದು ಕೊಡ ನೀರು. "ಸೇಸಕ್ಕ, ತಂತಿ ಇನ್ನೂ ಚಿಗುರ್ಲಿಲ್ವಾ?" ಎಂದು ನೆರೆಮನೆಯವರು ಕೀಟಲೆ ಮಾಡುತ್ತಾರೆ. ಸೇಸಮ್ಮ ನೀರು ಹೊಯ್ದು ಒಳಗೆ ಹೋಗುತ್ತಾರೆ.

ಒಳಗೆ ಹಳೆಯ ಹೊಲಿಗೆ ಮಷಿನ್ನಿನ ಮೇಜು. ಅದರ ಮೇಲೆ ಅಂಗೈಗಿಂತ ತುಸು ದೊಡ್ಡ ಹಸಿರು ಬೋರ್ಡು, ಭೂತಕನ್ನಡಿ, ಬೆಸುಗೆ ಹಾಕಲು ಬಿಸಿಯಾಗುತ್ತಿರುವ ಸೋಲ್ಡರಿಂಗ್ ಐರನ್. ಐವತ್ತಾರು ವರ್ಷದ ಈ ಹೆಂಗಸು ಮಾಡುವುದು ಡ್ಯಾಕ್ ಎಂಬ ಪೆಟ್ಟಿಗೆಯನ್ನು. ಮೊಬೈಲು, ಟಿವಿ, ಕಂಪ್ಯೂಟರಿನೊಳಗೆ ಹಾಡು ಬರೀ ಅಂಕೆಗಳಾಗಿ ಬಿದ್ದಿರುತ್ತದೆ. ಆ ಅಂಕೆಗಳನ್ನು ಆಂಪ್ಲಿಫೈಯರಿಗೆ ತಿಳಿಯುವ ವಿದ್ಯುತ್ತಿನ ಅಲೆಯಾಗಿ ಬದಲಿಸುವುದು ಡ್ಯಾಕಿನ ಕೆಲಸ. ಮೊಬೈಲಿನ ಒಳಗೂ ಚಿಕ್ಕದೊಂದು ಇರುತ್ತದೆ. ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇಟ್ಟುಕೊಂಡು ಹಾಡು ಕೇಳುವವರಿಗೆ ಅದು ಸಾಲುವುದಿಲ್ಲ.

ಬೋರ್ಡಿನ ನಡುವಿನ ಕರಿ ಚಿಪ್ಪಿಗೆ ಇಪ್ಪತ್ತೆಂಟು ಕಾಲು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೂದಲು ತೂರುವಷ್ಟು ಜಾಗ. ಸೇಸಮ್ಮನ ಬೆರಳು ನಡುಗುವುದಿಲ್ಲ. ಹನ್ನೊಂದನೇ ವಯಸ್ಸಿನಿಂದ ಬೀಡಿ ಕಟ್ಟಿದ ಬೆರಳುಗಳು ಅವು, ಇಪ್ಪತ್ತು ವರ್ಷ, ದಿನಕ್ಕೆ ಎಂಟುನೂರರಂತೆ. ಇವತ್ತಿಗೂ ಬೆಸುಗೆಯ ಲೆಕ್ಕ ಬೀಡಿಯದೇ. ಇಪ್ಪತ್ತೈದು ಆದರೆ ಒಂದು ಕಟ್ಟು. ಕಟ್ಟು ಮುಗಿದರೆ ತಲೆ ಎತ್ತಬೇಕು, ಕಣ್ಣು ಮುಚ್ಚಿ ತೆರೆಯಬೇಕು, ಆಮೇಲೆ ಮುಂದಿನದು. "ಒಂದು ಪೆಟ್ಟಿಗೆಗೆ ಹನ್ನೆರಡು ಕಟ್ಟು, ಮೇಲೆ ಹದಿನೆಂಟು," ಎನ್ನುತ್ತಾರೆ. ಅಂದರೆ ಮುನ್ನೂರ ಹದಿನೆಂಟು ಬೆಸುಗೆ, ಎಲ್ಲವೂ ಕೈಯಲ್ಲಿ. ಒಂಬತ್ತು ವರ್ಷಗಳಲ್ಲಿ ಇನ್ನೂರ ಹನ್ನೊಂದು ಪೆಟ್ಟಿಗೆ ಮಾಡಿದ್ದಾರೆ. ಆ ಇನ್ನೂರ ಹನ್ನೊಂದರಲ್ಲಿ ಒಂದರ ಮೇಲೂ ಅವರ ಹೆಸರಿಲ್ಲ.

ಯಾಕಿಲ್ಲ ಎಂದು ಕೇಳುವ ಮೊದಲು ಅವರು ಪೆಟ್ಟಿಗೆಯನ್ನು ಹೇಗೆ ಪಾಸು ಮಾಡುತ್ತಾರೆ ಎಂದು ನೋಡಬೇಕು. ಕೆಲಸ ಮುಗಿದ ಡ್ಯಾಕನ್ನು ಆಂಪ್ಲಿಫೈಯರಿಗೆ ಜೋಡಿಸಿ, ಹಾಡು ಹಾಕದೆ, ವಾಲ್ಯೂಮ್ ಪೂರ್ತಿ ತಿರುಗಿಸುತ್ತಾರೆ. ಸ್ಪೀಕರಿಗೆ ಕಿವಿ ಇಡುತ್ತಾರೆ. ಏನೂ ಕೇಳಬಾರದು. ಆಮೇಲೆ ಗಂಡ ಕಮಲಾಕ್ಷ ಬಂದು ಸ್ಪೀಕರಿನ ಕಾಗದದ ಮೇಲೆ ಬೆರಳ ತುದಿ ಇಡುತ್ತಾರೆ. ಮೂವತ್ತು ವರ್ಷ ಮೈಕ್ ಸೆಟ್ ಇಟ್ಟು, ಹಾರ್ನಿನ ಬುಡದಲ್ಲೇ ನಿಂತು ಕಿವಿ ಕಳೆದುಕೊಂಡ ಮನುಷ್ಯ. ಕಿವಿ ಹೋದರೇನು, ಗುಂಯ್‌ಗುಡುವಿಕೆ ಬೆರಳಿಗೆ ಸಿಕ್ಕಿಬೀಳುತ್ತದೆ. ಅವರು ತಲೆ ಅಲ್ಲಾಡಿಸಿದರೆ ಪೆಟ್ಟಿಗೆ ವಾಪಸ್ ಮೇಜಿಗೆ. ಇಷ್ಟು ಕತ್ತಲೆ ಹರಿಯುವ ಮೊದಲು. ಏಳು ಗಂಟೆಗೆ ಊರಿನ ಪಂಪುಗಳೆಲ್ಲ ಚಾಲೂ ಆಗಿ, ಮನೆಮನೆಯ ಮಿಕ್ಸಿ ಕೂಗತೊಡಗಿ, ಕರೆಂಟು ಕಲಕಿ ರಾಡಿಯಾದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ. "ಬೆಳಿಗ್ಗೆ ಯಾರ ಪೆಟ್ಟಿಗೆ ಸಹ ಸುಮ್ಮನಿರ್ತದೆ. ಪಂಪ್ ಬಿಟ್ಟ ಮೇಲೆ ಸಹ ಸುಮ್ಮನಿರ್ಬೇಕು. ಆಗ ಅದು ಪೆಟ್ಟಿಗೆ," ಎನ್ನುತ್ತಾರೆ ಸೇಸಮ್ಮ.

ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಕಮಲಾಕ್ಷ ಮದುವೆ, ಭೂತಕೋಲ, ಯಕ್ಷಗಾನದ ಆಟ ಎಂದು ಊರೂರು ತಿರುಗುತ್ತಿದ್ದಾಗ ಸುಟ್ಟ ಆಂಪ್ಲಿಫೈಯರುಗಳು ಮನೆಯ ಜಗಲಿಗೆ ಬರುತ್ತಿದ್ದವು. ಮರುದಿನದ ಕಾರ್ಯಕ್ರಮಕ್ಕೆ ಅವು ಸರಿಯಾಗಲೇಬೇಕು. ಬೀಡಿಯ ಮೊರ ಬದಿಗಿಟ್ಟು ಸೇಸಮ್ಮ ಅವನ್ನು ಬಿಚ್ಚಿದರು. ಬಿಚ್ಚಿ, ನೋಡಿ, ಹಾಳು ಮಾಡಿ, ಸರಿ ಮಾಡಿ ಕಲಿತರು. ಪ್ರತಿ ಹಾರ್ನಿನ ಮೇಲೂ ಬಿಳಿ ಅಕ್ಷರದಲ್ಲಿ ‘ಕಮಲಾಕ್ಷ ಸೌಂಡ್ಸ್, ನರಿಕೊಂಬು’ ಎಂದಿತ್ತು. ಪ್ರತಿ ಸಭೆಯ ಧನ್ಯವಾದದ ಕೊನೆಗೆ ಮೈಕಿನ ಕಮಲಾಕ್ಷಣ್ಣನ ಹೆಸರು ಬರುತ್ತಿತ್ತು, ಸೇಸಮ್ಮನದು ಬರುತ್ತಿರಲಿಲ್ಲ. ಕಮಲಾಕ್ಷರಿಗೆ ಈ ಮಾತನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಅವರು ಮುಖ ತಿರುಗಿಸುವುದಿಲ್ಲ. "ಒಂದು ದಿನ ಸಹ ನಾನು ಎದ್ದು ನಿಂತು, ರಿಪೇರಿ ಮಾಡಿದ್ದು ನನ್ನ ಹೆಂಡತಿ ಅಂತ ಹೇಳ್ಲಿಲ್ಲ ಮಾರಾಯ್ರೆ. ನಾಚಿಕೆ ಆಗ್ತದೆ ಈಗ," ಎನ್ನುತ್ತಾರೆ. ನಾಚಿಕೆಪಟ್ಟುಕೊಳ್ಳಬೇಕಾದವರ ಸಾಲಿನಲ್ಲಿ ಅವರು ಮೊದಲಿಗರು ಅಷ್ಟೆ, ಕೊನೆಯವರಲ್ಲ.

ಮಡಂತ್ಯಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಶಾಫಿ, ಸೌದಿಯ ದಮ್ಮಾಮಿನಿಂದ ಬರುವಾಗ ಡ್ಯಾಕ್ ಕಟ್ಟುವ ಬಿಡಿಭಾಗಗಳ ಪೊಟ್ಟಣವೊಂದನ್ನು ತಂದಿದ್ದರು. ತನ್ನಿಂದಾಗದೆ ಎರಡು ವರ್ಷ ಕಪಾಟಿನಲ್ಲಿಟ್ಟು, ಕೊನೆಗೆ ಸೇಸಮ್ಮನ ಕೈಗೆ ಕೊಟ್ಟರು. ಜೊತೆಗಿದ್ದ ಇಂಗ್ಲಿಷ್ ಹಾಳೆಗಳನ್ನು ಸೊಸೆ ಮೋಕ್ಷಿತಾ ಸಾಲು ಸಾಲಾಗಿ ಓದಿ ಹೇಳಿದರು. ಮೊದಲ ಚಿಪ್ಪು ಹೊಗೆಯಾಯಿತು. ಒಂದನೇ ಕಾಲು ಯಾವುದೆಂದು ತೋರಿಸುವ ಚುಕ್ಕಿಯನ್ನು ಗಮನಿಸದೆ ತಿರುಗುಮುರುಗಾಗಿ ಕೂರಿಸಿದ್ದರು. ಹೊಸದಾಗಿ ತರಿಸಿದ ಎರಡನೆಯದು, ಮೂರನೆಯದು ಸಹ ಹೋಯಿತು. ನಾಲ್ಕನೆಯದು ಹಾಡಿತು. "ಹಾಡುವವಳು ಸಾಲಿನ ನಡುವೆ ಉಸಿರು ಎಳೆದದ್ದು ಕೇಳಿತು. ಅಷ್ಟು ವರ್ಷ ಅದೇ ಹಾಡು ಕೇಳಿದ್ದೇನೆ, ಅವಳು ಉಸಿರಾಡ್ತಾಳೆ ಅಂತ ಗೊತ್ತೇ ಇರ್ಲಿಲ್ಲ," ಎನ್ನುವಾಗ ಈಗಲೂ ಅವರ ಮುಖ ಅರಳುತ್ತದೆ.

ಆಮೇಲೆ ಬಂದವನು ಪೇಟೆಯ ಆಡಿಯೋ ಅಂಗಡಿಯ ಮಾಲಕ. ಅವನ ಹೆಸರು ಇಲ್ಲಿ ಬರುವುದಿಲ್ಲ. ಆರು ವರ್ಷ ಸೇಸಮ್ಮನ ಹೆಸರನ್ನು ಎಲ್ಲೂ ಬರೆಯದವನ ಹೆಸರನ್ನು ನಾವು ಯಾಕೆ ಬರೆಯಬೇಕು? ಅವನು ಪೆಟ್ಟಿಗೆಗಳನ್ನು ಒಯ್ದ, ಮೇಲೆ ತನ್ನ ಅಂಗಡಿಯ ಇಂಗ್ಲಿಷ್ ಸ್ಟಿಕ್ಕರ್ ಅಂಟಿಸಿದ, ವಿದೇಶದಲ್ಲಿ ಕಲಿತ ಇಂಜಿನಿಯರುಗಳ ತಂಡ ರೂಪಿಸಿದ್ದು ಎಂದು ಮಾರಿದ. ತಂಡವಂತೆ! ಹೊಲಿಗೆ ಮಷಿನ್ನಿನ ಮೇಜು, ಓದಿ ಹೇಳುವ ಸೊಸೆ, ಕಿವಿ ಕೇಳದ ಗಂಡ, ಇದೇ ಆ ತಂಡ. ಹೋದ ವರ್ಷ ನಮ್ಮ ಪತ್ರಿಕೆಯ ಇದೇ ಪುರವಣಿಯ ಇದೇ ಪುಟದಲ್ಲಿ ಅವನ ಬಗ್ಗೆ ಅರ್ಧ ಪುಟ ಬಂದಿತ್ತು, ಕೈಕಟ್ಟಿ ನಿಂತ ಫೋಟೊದ ಸಮೇತ. ಪೆಟ್ಟಿಗೆಯನ್ನು ಮಾಡುವವರು ಯಾರು ಎಂಬ ಒಂದು ಪ್ರಶ್ನೆ ಕೇಳಲು ನಮಗೆ ಬಾಯಿ ಬರಲಿಲ್ಲ. ಆ ಪುಟವನ್ನು ಮೋಕ್ಷಿತಾ ಮಡಚಿ ಇಟ್ಟಿದ್ದಾರೆ, ಕೇಳಿದರೆ ತಂದು ಮೇಜಿನ ಮೇಲೆ ಹಾಕುತ್ತಾರೆ.

ಸೇಸಮ್ಮ ಇದನ್ನೂ ಸಹಿಸಿಕೊಂಡಿದ್ದರು. "ಬೀಡಿಯ ಕಟ್ಟಿನ ಮೇಲೆ ಸಹ ಕಂಪೆನಿಯ ಹೆಸರೇ ಇದ್ದದ್ದು, ನಮ್ಮದು ಇರ್ಲಿಲ್ಲ. ಅಭ್ಯಾಸ ಆಗಿ ಹೋಗಿತ್ತು," ಎನ್ನುತ್ತಾರೆ. ಸಹಿಸಲಾಗದ್ದು ನಡೆದದ್ದು ಈ ಮಾರ್ಚಿನಲ್ಲಿ.

ಪೆಟ್ಟಿಗೆ ಭಾರ, ದಪ್ಪ, ತೆಳ್ಳಗೆ ಮಾಡಿ ಎಂದು ಅಂಗಡಿಯವನ ತಗಾದೆ. ಆ ಭಾರ ಒಳಗಿನ ದುಂಡು ಟ್ರಾನ್ಸ್‌ಫಾರ್ಮರಿನದು, ಕರೆಂಟಿನ ಗುಂಯ್ ಸದ್ದನ್ನು ತಡೆಯುವುದೇ ಅದು. ಅದನ್ನು ತೆಗೆಯುವುದಿಲ್ಲ ಎಂದು ಸೇಸಮ್ಮ ಪಟ್ಟು ಹಿಡಿದರು. ಹಾಗಾದರೆ ಬರೀ ಬೋರ್ಡು ಕೊಡಿ, ಪೆಟ್ಟಿಗೆ ನಾನೇ ನೋಡಿಕೊಳ್ಳುತ್ತೇನೆ ಎಂದ. ಮಾತು ನಂಬಿ ಹನ್ನೆರಡು ಬೋರ್ಡು ಕೊಟ್ಟರು. ಅವನು ಅವಕ್ಕೆ ಮೊಬೈಲ್ ಚಾರ್ಜರಿನಂಥ ಎರಡು ಪಿನ್ನಿನ ಅಗ್ಗದ ಅಡಾಪ್ಟರ್ ತೂರಿಸಿ ಮಾರಿದ. ಎರಡೇ ಪಿನ್ನು ಎಂದರೆ ಅರ್ಥಿಂಗ್ ಇಲ್ಲ. ಸ್ಪೀಕರಿನಲ್ಲಿ ಗುಂಯ್ ಸದ್ದು, ಪೆಟ್ಟಿಗೆ ಮುಟ್ಟಿದರೆ ಕೈಗೆ ಜುಂ ಎಂದು ಸಣ್ಣ ಶಾಕ್. ಗಿರಾಕಿಗಳು, ಹಾಡು ಕೇಳುವ ಹವ್ಯಾಸದವರ ವಾಟ್ಸ್ಯಾಪ್ ಗುಂಪಿನಲ್ಲಿ ದೂರಿದರು. ಆಗ ಅವನು ಬರೆದದ್ದನ್ನು ಶಾಫಿ ಓಡೋಡಿ ಬಂದು ತೋರಿಸಿದರು: "ಕ್ಷಮಿಸಿ, ಈ ಸಲ ಬೆಸುಗೆ ಕೆಲಸವನ್ನು ಬಂಟ್ವಾಳದ ಕಡೆಯ ಸೇಸಮ್ಮ ಎಂಬ ಬೀಡಿ ಕಟ್ಟುವ ಹೆಂಗಸಿಗೆ ಕೊಟ್ಟದ್ದು ನಮ್ಮ ತಪ್ಪು."

ಆರು ವರ್ಷದಲ್ಲಿ ಮೊದಲ ಬಾರಿಗೆ ಅವರ ಹೆಸರು ಬಂತು. ಬಂದದ್ದು ಹೀಗೆ. ಮೋಕ್ಷಿತಾ ಅದನ್ನು ಓದಿ ಮುಗಿಸಲಾಗದೆ ಅತ್ತರು. ಸೇಸಮ್ಮ ಅಳಲಿಲ್ಲ. "ಇನ್ನೊಮ್ಮೆ ಓದು ಮಗಾ," ಎಂದರು. ಎರಡನೇ ಸಲ ಕೇಳಿ, ಸೋಲ್ಡರಿಂಗ್ ಐರನ್ನಿನ ಸ್ವಿಚ್ಚು ಆರಿಸಿದರು, ಆ ದಿನ ಮತ್ತೆ ಮೇಜಿನ ಬಳಿ ಕೂರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮೂಡಬಿದಿರೆಯಲ್ಲಿ ಆ ಗುಂಪಿನವರು ಸೇರುವುದಿತ್ತು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಶಶಿಪ್ರಭಾ ಅವರ ಮನೆಯ ಹಾಲಿನಲ್ಲಿ ಇಪ್ಪತ್ತು ಮಂದಿ, ಅಂಗಡಿಯವನೂ ಇದ್ದ. ಸೇಸಮ್ಮ ಮತ್ತು ಶಾಫಿ ಬಸ್ಸು ಹತ್ತಿ ಸಿದ್ಧಕಟ್ಟೆ ದಾರಿಯಾಗಿ ಹೋದರು. ಕೈಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಟ್ರಾನ್ಸ್‌ಫಾರ್ಮರ್, ಮೂರು ಪಿನ್ನಿನ ವಯರು. ಶಶಿಪ್ರಭಾ ಕೂಡ ಆ ಹನ್ನೆರಡರಲ್ಲಿ ಒಂದನ್ನು ಕೊಂಡವರು. "ಬಿಚ್ಚಲಿಕ್ಕೆ ಬಿಡ್ತೀರಾ ಟೀಚರೇ?" ಎಂದು ಅವರನ್ನು ಕೇಳಿ, ಒಪ್ಪಿಗೆ ಪಡೆದು, ಸೇಸಮ್ಮ ಎಲ್ಲರೆದುರು ಪೆಟ್ಟಿಗೆಯ ಮುಚ್ಚಳ ತೆಗೆದರು.

ಅಂಗಡಿಯವನು ಕುರ್ಚಿಯಿಂದ ಎದ್ದ. "ಅಮ್ಮಾ, ಸ್ವಲ್ಪ ಹೊರಗೆ ಬನ್ನಿ. ಹೊರಗೆ ಮಾತಾಡುವ," ಎಂದ.

"ಹೊರಗೆ ಯಾಕೆ? ನನ್ನ ಮರ್ಯಾದೆ ತೆಗೆದದ್ದು ಇವರೆಲ್ಲರ ಎದುರಲ್ಲಿ ಅಲ್ವಾ? ಇವರೆದುರೇ ಆಗ್ಲಿ."

ಅಡಾಪ್ಟರನ್ನು ಕಿತ್ತು ಟೀಪಾಯಿಯ ಮೇಲಿಟ್ಟರು. "ಇದು ನಾನು ಹಾಕಿದ್ದಲ್ಲ," ಎಂದರು. ಶಾಫಿ ವಯರು ಹಿಡಿದರು, ಸೇಸಮ್ಮ ಟ್ರಾನ್ಸ್‌ಫಾರ್ಮರನ್ನು ಜೋಡಿಸಿದರು. ಬೋರ್ಡಿನ ಒಂದು ಬೆಸುಗೆಯನ್ನೂ ಮುಟ್ಟಲಿಲ್ಲ. ಹಾಡು ಹಾಕದೆ ವಾಲ್ಯೂಮ್ ಪೂರ್ತಿ ತಿರುಗಿಸಿದರು. ಇಪ್ಪತ್ತು ಮಂದಿ ಕಾದರು. ಪಕ್ಕದ ಮನೆಯಲ್ಲಿ ಪಂಪು ಓಡುತ್ತಿತ್ತು, ಸ್ಪೀಕರಿನಲ್ಲಿ ಏನೂ ಇರಲಿಲ್ಲ. ಶಶಿಪ್ರಭಾ ಎದ್ದು ಬಂದು ಸ್ಪೀಕರಿಗೆ ಕಿವಿ ಇಟ್ಟರು, ಆಮೇಲೆ ಅಂಗಡಿಯವನ ಕಡೆ ತಿರುಗಿ, "ನೀವು ಬರೆದದ್ದು ಸುಳ್ಳು, ಅಲ್ವಾ?" ಎಂದು ಪಾಠ ಒಪ್ಪಿಸದವನನ್ನು ಕೇಳುವಂತೆ ಕೇಳಿದರು.

ಅವನು ಒಪ್ಪಿಕೊಳ್ಳಲಿಲ್ಲ. ಸಂಜೆ ಹೊತ್ತಿಗೆ ಗುಂಪಿನಿಂದ ಆ ಬರಹ ಅಳಿಸಿ ಹೋಗಿತ್ತು. ಅಳಿಸಿದರೆ ಕ್ಷಮೆ ಕೇಳಿದ ಹಾಗಾಯಿತೇ? ಅವನ ಲೆಕ್ಕದಲ್ಲಿ ಆಯಿತು. ವಾರ ಕಳೆದು ಫೋನು ಮಾಡಿ, ಇನ್ನು ಮುಂದೆ ಪೆಟ್ಟಿಗೆಯ ತಳದಲ್ಲಿ ಸಣ್ಣಕ್ಷರದಲ್ಲಿ ಹೆಸರು ಹಾಕುತ್ತೇನೆ, ಮೊದಲಿನಂತೆ ಮಾಡಿಕೊಡಿ ಎಂದ. "ತಳದಲ್ಲಿ ಯಾರು ನೋಡ್ತಾರೆ? ಇರುವೆಯಾ?" ಎಂದು ಸೇಸಮ್ಮ ಫೋನಿಟ್ಟರು.

ಇದರಿಂದ ಅವರ ಬಾಳು ಬಂಗಾರವಾಯಿತು ಎಂದು ಬರೆದರೆ ಅದೂ ಸುಳ್ಳೇ. ತಿಂಗಳಿಗೆ ಎರಡು ಮೂರು ಪೆಟ್ಟಿಗೆ ಮಾಡುತ್ತಿದ್ದವರಿಗೆ ಈಗ ತಿಂಗಳಿಗೆ ಒಂದು ಸಿಕ್ಕಿದರೆ ಹೆಚ್ಚು. ಮಾಡುವವಳು ಯಾರು ಎಂದು ಗೊತ್ತಾದ ಮೇಲೆ, ವರ್ಷಗಟ್ಟಲೆ ‘ಅದ್ಭುತ ಇಂಜಿನಿಯರಿಂಗ್’ ಎಂದು ಹೊಗಳುತ್ತಿದ್ದ ಒಬ್ಬ ಮಹಾಶಯ ತನ್ನ ಪೆಟ್ಟಿಗೆಯನ್ನು ಹಿಂದಿರುಗಿಸಿದ್ದಾನೆ. ಅದೇ ಪೆಟ್ಟಿಗೆ, ಅದೇ ಸ್ವರ. ಅವನ ಕಿವಿಯಲ್ಲಿ ಏನು ಕೆಟ್ಟಿತೋ ಅವನೇ ಹೇಳಬೇಕು. ಹಾಳಾದ ಹನ್ನೆರಡರಲ್ಲಿ ಒಂಬತ್ತು ಪೆಟ್ಟಿಗೆಗಳು ಚಾರ್ಮಾಡಿ, ಬೆಳ್ತಂಗಡಿ, ಮೂಡಬಿದಿರೆಯಿಂದ ನರಿಕೊಂಬಿನ ಜಗಲಿಗೆ ಬಂದವು. ಒಂಬತ್ತನ್ನೂ ಸೇಸಮ್ಮ ಸರಿ ಮಾಡಿಕೊಟ್ಟರು. ಬೇರೆಯವನ ತಪ್ಪನ್ನು ನೀವು ಯಾಕೆ ತಿದ್ದಬೇಕು ಎಂದು ಶಾಫಿ ಸಿಟ್ಟಾದರೆ, "ಬೋರ್ಡು ನನ್ನದು. ಅದು ಎಂತ ತಪ್ಪು ಮಾಡಿದೆ?" ಎಂದರು.

ಈಗ ಮೇಜಿನ ಮೇಲೆ ಇರುವುದು ಇನ್ನೂರ ಹನ್ನೆರಡನೆಯದು, ಶಶಿಪ್ರಭಾ ತಮ್ಮ ತಂಗಿಗೆಂದು ಹೇಳಿ ಮಾಡಿಸುತ್ತಿರುವುದು. ಅದರ ಮುಂದಿನ ಫಲಕಕ್ಕೆ ಅಕ್ಷರ ಕೊರೆಸಲು ಸೇಸಮ್ಮ ಬಿ.ಸಿ. ರೋಡಿನ ಅಂಗಡಿಗೆ ಹೋಗಿದ್ದಾರೆ. ಅಲ್ಲಿಯವರು ‘ಸೇಸ ಆಡಿಯೋ’ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಸ್ಟೈಲಾಗಿ ಕಾಣುತ್ತದೆ ಎಂದು ಬುದ್ಧಿ ಹೇಳುತ್ತಾರೆ.

"ಸ್ಟೈಲ್ ಬೇಡ. ಕನ್ನಡದಲ್ಲಿ ಸೇಸಮ್ಮ, ನರಿಕೊಂಬು ಅಂತ ಹಾಕಿ. ಕೆಳಗೆ ನನ್ನ ಫೋನ್ ನಂಬರ್ ಹಾಕಿ," ಎನ್ನುತ್ತಾರೆ ಸೇಸಮ್ಮ.

"ಎದುರಲ್ಲಿ ನಂಬರ್ ಯಾಕಮ್ಮ? ಚಂದ ಕಾಣುದಿಲ್ಲ."

"ಚಂದ ಕಾಣದಿದ್ರೆ ಬೇಡ, ನಂಬರ್ ಇರ್ಲಿ. ನಾಳೆ ಅದು ಹಾಳಾದ್ರೆ, ಬೈಲಿಕ್ಕೆ ಜನಕ್ಕೆ ಸರಿಯಾದ ಹೆಂಗಸು ಸಿಗ್ಬೇಕು."