ಸೀತಮ್ಮನವರ ಪಡಸಾಲೆಯಿಂದ ಊಟಿಗೆ

೧೯೬೨ರ ಏಪ್ರಿಲ್ ೧೬, ಸೋಮವಾರ, ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ನಮ್ಮ ತಂದೆ ಒಂದು ಕ್ಯಾನ್ವಾಸ್ ಚೀಲ ಎತ್ತಿಕೊಂಡು ಜಯನಗರದ ನಮ್ಮ ಮನೆಯಿಂದ ಹೊರಟು, ಪಕ್ಕದ ಮನೆಯ ಸೀತಮ್ಮನವರ ಪಡಸಾಲೆಯಲ್ಲಿ ಅದನ್ನಿಟ್ಟು, ಹಿಂದಿರುಗಿ ಬಂದು ಎರಡನೆಯ ಲೋಟ ಕಾಫಿ ಕುಡಿದರು. ನಮ್ಮ ಸಂಸಾರದ ಊಟಿ ಪ್ರಯಾಣ ಆರಂಭವಾದದ್ದು ಹೀಗೆ.

ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ನನಗೆ ರಜೆ ಸಿಕ್ಕಿದ್ದು ಗುರುವಾರದಿಂದ. ಗುರುವಾರ ದಕ್ಷಿಣಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು; ಊಟಿ ಇರುವುದೂ ದಕ್ಷಿಣಕ್ಕೆ. ಪಂಚಾಂಗ ಒಪ್ಪುವ ದಿನ ಕಚೇರಿ ಒಪ್ಪುವುದಿಲ್ಲ, ಕಚೇರಿ ಒಪ್ಪಿದ ದಿನ ಪಂಚಾಂಗ ಒಪ್ಪುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು: ಒಳ್ಳೆಯ ದಿನ ನೋಡಿ ಸಾಮಾನನ್ನು ಮನೆ ದಾಟಿಸಿಬಿಡುವುದು. ಮನುಷ್ಯ ಆಮೇಲೆ ಯಾವಾಗ ಹೋದರೂ ಆ ಒಳ್ಳೆಯ ಗಳಿಗೆಯಲ್ಲೇ ಹೊರಟ ಹಾಗೆ. ನಿಯಮ ಎರಡೇ. ಹೊರಡುವವರ ನಿತ್ಯದ ವಸ್ತು ಒಂದಾದರೂ ಚೀಲದಲ್ಲಿರಬೇಕು. ಯಾರ ವಸ್ತು ಅದರಲ್ಲಿದೆಯೋ ಅವರು ಹೊರಟ ಹಾಗೆ. ಮತ್ತು ಒಮ್ಮೆ ದಾಟಿದ ಚೀಲ ಪ್ರಯಾಣ ಮುಗಿಸದೆ ಮನೆಯೊಳಕ್ಕೆ ಮರಳಬಾರದು.

ಊಟಿ ಏಕೆ ಎಂದು ನೀವು ಕೇಳಬಹುದು. ನಮ್ಮ ಕಚೇರಿಯಲ್ಲೂ ಕೇಳಿದರು. ನಮ್ಮ ಮನೆಯಲ್ಲಿ ಆಗ ಫ್ಯಾನ್ ಇರಲಿಲ್ಲ. ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಸಂಜೆಯಾದರೆ ಬನಶಂಕರಿ ಕಡೆಯ ಹೊಲಗಳಿಂದ ಗಾಳಿ ಎದ್ದು ಖಾಲಿ ಸೈಟುಗಳನ್ನೆಲ್ಲ ದಾಟಿ ನೇರವಾಗಿ ನಮ್ಮ ಕಿಟಕಿಗೆ ಬರುತ್ತಿತ್ತು, ಬರುವಾಗ ಇನ್ನೂ ಡಾಂಬರು ಕಾಣದ ರಸ್ತೆಯ ಕೆಂಪು ಧೂಳನ್ನೂ ತರುತ್ತಿತ್ತು. ನನ್ನ ಪಕ್ಕದ ಮೇಜಿನ ಉಪಸಂಪಾದಕ ರಜೆಯ ಸುದ್ದಿ ಕೇಳಿ, "ಮದ್ರಾಸಿನೋರು ಬೇಸಗೆಗೆ ನಮ್ಮೂರಿಗೆ ಬರ್ತಾರೆ, ನೀವು ಊಟಿಗೆ ಹೋಗ್ತೀರಿ. ಪಾಪ, ಊಟಿಯೋರು ಎಲ್ಲಿಗೆ ಹೋಗ್ಬೇಕು ಸಾರ್?" ಎಂದ.

ಊಟಿ ಏಕೆ ಎಂಬುದಕ್ಕೆ ಉತ್ತರ ಇದ್ದದ್ದು ಅಪ್ಪನ ಬಳಿ. ಅಪ್ಪ ರೆವಿನ್ಯೂ ಇಲಾಖೆಯಲ್ಲಿದ್ದವರು. ಮದುವೆಯಾದ ಹೊಸದರಲ್ಲಿ ಮೇಲಧಿಕಾರಿಯೊಬ್ಬರ ಕಡತಗಳನ್ನು ಹೊತ್ತುಕೊಂಡು ಊಟಿಗೆ ಹೋಗಿ, ಬಂದು, ಅಮ್ಮನಿಗೆ ನಿನಗೂ ಒಂದು ಸಲ ತೋರಿಸುತ್ತೇನೆ ಎಂದು ಹೇಳಿದ್ದರಂತೆ. ಆಮೇಲೆ ವರ್ಗವಾದ ಊರುಗಳೆಲ್ಲ ಬಯಲು ಸೀಮೆಯವು. ಮಕ್ಕಳಾದವು, ಮದುವೆಗಳಾದವು, ಪಿಂಚಣಿ ಬಂತು. ಆ ಮಾತು ಮಾತ್ರ ಹಾಗೇ ಉಳಿಯಿತು. ಅದನ್ನು ಅಮ್ಮ ಮರೆತಿದ್ದಳು, ಅಪ್ಪನಿಗೆ ಮರೆಯಲಾಗಿರಲಿಲ್ಲ.

ಹಾಗಾಗಿ ಯುಗಾದಿ ಕಳೆದ ಮೇಲೆ ಊಟಿಯ ಮಾತೆತ್ತಿದವರು ಅವರೇ. ಯೋಜನೆ ಮಾಡುವ ಕೆಲಸ ನನಗೆ ಬಂತು. ಮೈಸೂರಿನವರೆಗೆ ರೈಲು, ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರದ ದಾರಿಯಾಗಿ ಬಸ್ಸು, ಊಟಿಯ ಒಂದು ಛತ್ರದಲ್ಲಿ ಎರಡು ಕೋಣೆ ಎಂದು ನಾನು ಗೊತ್ತುಪಡಿಸಿದೆ. ಅಪ್ಪ, ಅಮ್ಮ, ನನ್ನ ಹೆಂಡತಿ ವಿಮಲ, ನಾನು, ಮಕ್ಕಳಿಬ್ಬರು: ಒಟ್ಟು ಆರು ಜನ ಎಂದು ಛತ್ರಕ್ಕೆ ಬರೆದೂ ಹಾಕಿದೆ. ಖಚಿತಪಡಿಸಿಕೊಳ್ಳದೆ ಒಂದು ಸಾಲನ್ನೂ ಅಚ್ಚಿಗೆ ಬಿಡಬೇಡಿ ಎಂದು ದಿನವೂ ಕಿರಿಯರಿಗೆ ಹೇಳುತ್ತಿದ್ದವನು ಅಮ್ಮನನ್ನು ಒಂದು ಮಾತು ಕೇಳುವುದನ್ನು ಮರೆತಿದ್ದೆ.

ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ಯಾವ ದೇವರಿದೆ?"

ಅಪ್ಪ ಬೆಟ್ಟವಿದೆ, ಕೆರೆಯಿದೆ, ಹೂವಿನ ತೋಟವಿದೆ ಎಂದರು. ಅದಕ್ಕೆ ಅಷ್ಟು ದೂರ ಏಕೆ ಹೋಗಬೇಕು, ಲಾಲ್‌ಬಾಗ್ ಇಲ್ಲೇ ಇದೆಯಲ್ಲ ಎಂದು ಅಮ್ಮ. ನನ್ನ ಹೆಂಡತಿ ಜಾಣತನ ಮಾಡಿ, ದಾರಿಯಲ್ಲಿ ನಂಜನಗೂಡು ಸಿಗುತ್ತದೆ, ಶ್ರೀಕಂಠೇಶ್ವರನ ದರ್ಶನವಾಗುತ್ತದೆ ಎಂದು ಆಸೆ ತೋರಿಸಿದಳು. "ಹಾಗಾದ್ರೆ ನಾನು ಅಲ್ಲೇ ಇಳ್ಕೋತೀನಿ, ನೀವು ಊಟಿ ನೋಡ್ಕೊಂಡು ಬನ್ನಿ. ವಾಪಸು ಬರ್ತಾ ಕರ್ಕೊಂಡು ಹೋಗಿ" ಎಂದಳು ಅಮ್ಮ.

ಹಟವಲ್ಲ ಅದು. ಅಮ್ಮ ತನ್ನ ಜೀವಮಾನದಲ್ಲಿ ಮಾಡಿದ ಪ್ರಯಾಣಗಳಿಗೆಲ್ಲ ಒಂದೊಂದು ಕಾರಣವಿತ್ತು. ನನಗೆ ವಿಷಮಶೀತ ಜ್ವರ ಬಂದು ವಾಸಿಯಾದದ್ದಕ್ಕೆ ತಿರುಪತಿ, ತಂಗಿಯ ಮದುವೆ ಕೂಡಿಬರಲೆಂದು ಧರ್ಮಸ್ಥಳ, ಅಪ್ಪನ ಬಡ್ತಿಗೆ ನಂಜನಗೂಡು. ಒಂದೋ ಏನಾದರೂ ಕೇಳಿಕೊಳ್ಳಲು ಹೋಗುವುದು, ಇಲ್ಲವೇ ಕೇಳಿಕೊಂಡದ್ದನ್ನು ತೀರಿಸಲು ಹೋಗುವುದು. ಎರಡೂ ಅಲ್ಲದೆ ಮನೆ ಬಿಟ್ಟು ಹೋಗುವುದೆಂದರೆ ಅವಳ ಲೆಕ್ಕದಲ್ಲಿ ಸೋಮಾರಿತನ. ಅದೂ ಬೇಸಗೆಯಲ್ಲಿ. ವರ್ಷಪೂರ್ತಿಯ ಹಪ್ಪಳ ಸಂಡಿಗೆಗಳಿಗೆ ಬಿಸಿಲು ಸಿಗುವುದು ಈ ಎರಡು ತಿಂಗಳಲ್ಲೇ ಅಲ್ಲವೆ? ಆ ಬಿಸಿಲನ್ನು ಬಿಟ್ಟು ಚಳಿ ಹುಡುಕಿಕೊಂಡು ಹೋಗುವವರ ಬಗ್ಗೆ ಅವಳಿಗೆ ಕೋಪವಿರಲಿಲ್ಲ, ಕನಿಕರವಿತ್ತು.

ಅಪ್ಪ ವಾದ ಮುಂದುವರಿಸಲಿಲ್ಲ. ನನ್ನನ್ನು ಮಾತ್ರ ಹೊರಗೆ ಕರೆದು, "ಅವಳು ಬರ್ದೇ ಇದ್ರೆ ನಾನೂ ಬರಲ್ಲ ಕಣೋ. ಅಲ್ಲಿ ನನಗೇನು ಕೆಲಸ? ನಾನು ನೋಡಿಯಾಗಿದೆ" ಎಂದರು. ಎಪ್ಪತ್ತು ಸಮೀಪಿಸುತ್ತಿದ್ದವರು. ಇನ್ನೊಂದು ಬೇಸಗೆ, ಮತ್ತೊಂದು ಬೇಸಗೆ ಎಂದು ಮುಂದಕ್ಕೆ ಹಾಕುವ ಕಾಲ ದಾಟಿದೆ ಎಂದು ಅವರಿಗೆ ಅನ್ನಿಸಿದ್ದು ಅವರ ಮುಖದಲ್ಲಿತ್ತು.

ರಾಮನವಮಿಯ ಪಾನಕ ಕೋಸಂಬರಿ ಮುಗಿಯಿತು. ಸೋಮವಾರ ಬಂತು. ಚೀಲ ಹೋಯಿತು. ಅಪ್ಪ ಕಾಫಿ ಕುಡಿದರು.

ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತ ಅಮ್ಮನಿಗೆ ತನ್ನ ಬೆಳ್ಳಿಯ ಕುಂಕುಮ ಭರಣಿ ಕಾಣಿಸಲಿಲ್ಲ. ಗೂಡು ನೋಡಿದಳು, ದೇವರ ಮನೆ ನೋಡಿದಳು, ಮೊಮ್ಮಕ್ಕಳನ್ನು ವಿಚಾರಿಸಿದಳು. ಕೊನೆಗೆ, ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದ ಅಪ್ಪನ ಕಡೆ ನೋಡಿದಳು. ಮೂವತ್ತು ವರ್ಷ ಪತ್ರಿಕೋದ್ಯಮದಲ್ಲಿದ್ದರೂ ಅಷ್ಟು ಬೇಗ ನಿಜ ಪತ್ತೆಹಚ್ಚುವುದು ನನಗೆ ಸಾಧ್ಯವಾಗಲಾರದು.

ಅಮ್ಮ ನೇರವಾಗಿ ಪಕ್ಕದ ಮನೆಗೆ ನಡೆದಳು. ಸೀತಮ್ಮನವರು ಆಚಾರದಲ್ಲಿ ಅಮ್ಮನಿಗಿಂತ ಒಂದು ಕೈ ಮೇಲು.

"ಪ್ರಸ್ಥಾನದ ಚೀಲದಿಂದ ಸಾಮಾನು ಹಿಂದಕ್ಕೆ ಒಯ್ಯೋದುಂಟೆ ಜಾನಕಮ್ಮನೋರೇ? ನಿಮ್ಮ ಭರಣಿ ಹೊಸಿಲು ದಾಟಿದೆ ಅಂದ್ರೆ ನೀವು ಹೊರಟಾಗಿದೆ. ನನ್ನ ಮನೆಯಿಂದ ಅದು ಊಟಿ ಕಡೆಗೇ ಹೋಗ್ಬೇಕು."

"ನನ್ನ ಕೇಳ್ದೆ ಇಟ್ರು ಸೀತಮ್ಮ."

"ಇಟ್ಟೋರು ಯಾರು, ನಿಮ್ಮ ಯಜಮಾನರೇ ತಾನೆ? ಬೇಕಾದ್ರೆ ಇಲ್ಲೇ ಕುಂಕುಮ ಇಟ್ಕೊಂಡು ಹೋಗಿ."

ಅಮ್ಮ ಅಲ್ಲೇ ಕುಂಕುಮ ಇಟ್ಟುಕೊಂಡು ಬಂದಳು. ಆ ದಿನ ಅಪ್ಪನೊಂದಿಗೆ ಮಾತಾಡಲಿಲ್ಲ. ಹುಳಿಗೆ ಉಪ್ಪು ಮಾತ್ರ ಸರಿಯಾಗಿತ್ತು. ಅದನ್ನು ವಿಮಲ ಒಳ್ಳೆಯ ಲಕ್ಷಣ ಎಂದು ವ್ಯಾಖ್ಯಾನಿಸಿದಳು.

ಇಷ್ಟಾದ ಮೇಲೆ ಕಚೇರಿ ಕೈಕೊಟ್ಟಿತು. ಸಹೋದ್ಯೋಗಿಯೊಬ್ಬರು ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ ನನ್ನ ರಜೆ ಮುಂದಿನ ಗುರುವಾರಕ್ಕೆ ಹೋಯಿತು. ಚೀಲ ಸೀತಮ್ಮನವರ ಪಡಸಾಲೆಯಲ್ಲೇ ಉಳಿಯಿತು. ಪ್ರಸ್ಥಾನಕ್ಕೆ ಅಷ್ಟು ದಿನದ ಅವಧಿ ಉಂಟೇ ಎಂದು ಪುರೋಹಿತರನ್ನು ಕೇಳಿದ್ದಕ್ಕೆ, ಸರ್ಕಾರಿ ರಜೆ ಮುಂದಕ್ಕೆ ಹೋದರೆ ದೋಷವಿಲ್ಲ ಎಂದರು. ನಾನು ಸರ್ಕಾರಿ ನೌಕರನಲ್ಲ ಎಂಬುದನ್ನು ಅಪ್ಪ ಅವರಿಗೆ ತಿಳಿಸಲಿಲ್ಲ.

ಈ ಹೆಚ್ಚುವರಿ ವಾರದಲ್ಲೇ ವಿಷಯ ತಿರುಗಿದ್ದು. ಅಮ್ಮ ದಿನವೂ ಬೆಳಿಗ್ಗೆ ಸೀತಮ್ಮನವರ ಮನೆಗೆ ಹೋಗಿ ತನ್ನ ಭರಣಿಯಿಂದಲೇ ಕುಂಕುಮ ಇಟ್ಟುಕೊಂಡು ಬರುತ್ತಿದ್ದಳು. ಬೇರೆ ಭರಣಿ ಮನೆಯಲ್ಲಿ ಇರಲಿಲ್ಲವೆಂದಲ್ಲ. ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ ಎಂಬುದನ್ನು ಮೊದಲು ಗಮನಿಸಿದ್ದು ನನ್ನ ಮಗಳು. ಒಂದು ದಿನ ಚಟ್ನಿಪುಡಿ ಡಬ್ಬಿ. ಮರುದಿನ ಮೊಮ್ಮಗನ ಉಣ್ಣೆಯ ಕುಲಾವಿ. ಆಮೇಲೆ ಒಂದು ಪೊಟ್ಟಣ ಶುಂಠಿ, ಅಮೃತಾಂಜನ, ತನ್ನ ಒಂದು ದಪ್ಪನೆಯ ಸೀರೆ. ಬರುತ್ತೇನೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಅಧಿಕೃತ ಪ್ರಕಟಣೆ ಹೊರಬೀಳದಿದ್ದರೂ ಚೀಲ ಊದಿಕೊಳ್ಳುತ್ತಿರುವುದಾಗಿ ಪಕ್ಕದ ಮನೆಯಿಂದ ವರದಿಗಳು ಬರುತ್ತಿದ್ದವು. ಅಪ್ಪ ವರದಿ ಕೇಳಿ, ಏನೂ ಗೊತ್ತಿಲ್ಲದವರ ಹಾಗೆ ನಶ್ಯ ಏರಿಸುತ್ತಿದ್ದರು.

ಗುರುವಾರ ಬೆಳಿಗ್ಗೆ ಜಟಕಾ ಬಂದು ನಿಂತಾಗ ಅಮ್ಮ ನಮ್ಮನ್ನು ಕಳಿಸಿಕೊಡುವವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ನಾವು ಹತ್ತಿದೆವು. ಅಪ್ಪ ಹತ್ತಲಿಲ್ಲ. ಅಮ್ಮ ಬೀಗ ಹಾಕಿದಳು, ಎರಡು ಸಲ ಎಳೆದು ನೋಡಿದಳು, ಬೀಗದ ಕೈಯನ್ನೂ ತಾರಸಿಯ ಸಂಡಿಗೆಯನ್ನೂ ಸೀತಮ್ಮನವರ ವಶಕ್ಕೆ ಕೊಟ್ಟು ಅವರ ಪಡಸಾಲೆಯಿಂದ ಕೂಗಿದಳು.

"ಯಾರಾದ್ರೂ ಬಂದು ಎತ್ಕೊಳ್ಳಿ. ನಿಮ್ಮ ಚೀಲ ಭಾರವಾಗಿದೆ."

ಅಪ್ಪನೇ ಹೋಗಿ ಎತ್ತಿಕೊಂಡರು.

ಊಟಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ನೀವೆಲ್ಲ ನೋಡಿರುತ್ತೀರಿ. ದೊಡ್ಡಬೆಟ್ಟದ ಮೇಲೆ ಮೋಡ ಸರಿದು ಕೆಳಗಿನ ಕಣಿವೆ ತೆರೆದುಕೊಂಡಾಗ ಅಮ್ಮ ಅಭ್ಯಾಸದಂತೆ ಕೈ ಜೋಡಿಸಿದಳು. ಆಮೇಲೆ ಕೈ ಬಿಡಿಸಿ ಸೆರಗಿನೊಳಗೆ ಬೆಚ್ಚಗೆ ಇಟ್ಟುಕೊಂಡಳು.

"ಇಲ್ಲಿ ಏನೂ ಕೇಳ್ಕೋಬೇಕಾಗಿಲ್ಲ, ಅಲ್ವಾ?" ಎಂದಳು.

"ಸುಮ್ನೆ ನೋಡಿದ್ರಾಯ್ತು" ಎಂದರು ಅಪ್ಪ.

ಅವರಿಬ್ಬರೂ ಸುಮ್ಮನೆ ನೋಡಿದರು. ಮಕ್ಕಳಿಗೆ ಚಳಿಯಾಗುತ್ತದೆ, ಹೊರಡೋಣ ಎಂದು ನಾನು ಎರಡು ಬಾರಿ ಹೇಳಬೇಕಾಯಿತು. ಮಕ್ಕಳಿಗೆ ಚಳಿಯಾಗಿರಲಿಲ್ಲ, ನನಗಾಗಿತ್ತು.

ಅದಾಗಿ ಆರು ವರ್ಷಗಳಾದವು. ಅಪ್ಪನಿಗೆ ಈಗ ಮಂಡಿನೋವು. ಇನ್ನು ತಾನು ಎಲ್ಲಿಗೂ ಬರುವವನಲ್ಲ, ನೀವು ನೀವು ಹೋಗಿಬನ್ನಿ ಎಂದು ಯುಗಾದಿಯ ದಿನ ಊಟದೆಲೆಯ ಮುಂದೆ ಘೋಷಿಸಿದ್ದಾರೆ. ಈ ವರ್ಷದ ಏಪ್ರಿಲ್ ೮, ಸೋಮವಾರ, ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ಅಮ್ಮ ಅದೇ ಕ್ಯಾನ್ವಾಸ್ ಚೀಲವನ್ನು ಸೀತಮ್ಮನವರ ಪಡಸಾಲೆಯಲ್ಲಿ ಇಟ್ಟು ಬಂದು ಕಾಫಿ ಕುಡಿದಿದ್ದಾಳೆ. ಯಾವ ಊರಿಗೆ ಎಂಬುದು ಇನ್ನೂ ಗೊತ್ತಾಗಿಲ್ಲ. ಅಪ್ಪ ಬೆಳಿಗ್ಗೆಯಿಂದ ನಶ್ಯದ ಡಬ್ಬಿ ಹುಡುಕುತ್ತಿದ್ದಾರೆ.