ಟವೆಲ್ ಐತಿ, ಮನಷ್ಯಾ ಬರ್ತಾನ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಡಗಿನ ಮೇಲಟ್ಟದ ಕುರ್ಚಿಯಲ್ಲಿ ಅಣ್ಣನ ಟವೆಲ್ ಇತ್ತು, ಅಣ್ಣ ಇರಲಿಲ್ಲ. ದಡದಿಂದ ಜನರನ್ನು ಕರೆತರುವ ಕೊನೆಯ ದೋಣಿ ಆಗಲೇ ಬಂದು, ಜನರನ್ನು ಇಳಿಸಿ, ತನ್ನ ಗೂಡು ಸೇರಿತ್ತು.

ಅದೇ ಟವೆಲ್ ಈಗ ಮುಂಡರಗಿಯಲ್ಲಿ ಅಣ್ಣನ ಮನೆಯ ಅಂಗಳದ ತಂತಿಯ ಮೇಲೆ ಒಣಗುತ್ತಿದೆ. ಬಿಳಿ ಮೈ, ಕೆಂಪು ಅಂಚು, ಬೆಟಗೇರಿಯ ಕೈಮಗ್ಗದ್ದು. ನಮ್ಮಪ್ಪ ನೇಯ್ದ ಟವೆಲ್ ಎಂದುಬಿಟ್ಟರೆ ನಿಮಗೆ ಇಷ್ಟವಾದೀತು. ಆದರೆ ಅಪ್ಪ ನೇಯುತ್ತಿದ್ದುದು ಸೀರೆ. ಇದು ಅಂಗಡಿಯಲ್ಲಿ ಕೊಂಡದ್ದು. ಸಾಬೂನಿನ ವಾಸನೆಯ ಅಡಿಯಲ್ಲಿ ಇನ್ನೂ ಒಂದು ಉಪ್ಪಿನ ವಾಸನೆ ಇದೆ ಅಂತ ನನಗನ್ನಿಸುತ್ತದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಎಷ್ಟೋ ಸಲ ಒಗೆದಿದ್ದಾರೆ, ಹಾಗಾಗಿ ಉಪ್ಪು ನನ್ನ ಮೂಗಿನಲ್ಲೇ ಇರಬೇಕು.

ಟವೆಲ್ಲಿನ ಕಾನೂನು ನಮ್ಮ ಕಡೆಯವರಿಗೆ ಗೊತ್ತು, ದೂರದವರಿಗಾಗಿ ಹೇಳುತ್ತೇನೆ. ಲಕ್ಷ್ಮೇಶ್ವರವಿರಲಿ, ಶಿರಹಟ್ಟಿಯಿರಲಿ, ಸ್ಟ್ಯಾಂಡಿಗೆ ಬಂದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲುಗಳು ಒಳಗೆ ಹಾರುತ್ತವೆ. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಅವನು ಕೆಳಗೆ ನಿಂತು ಚಹಾ ಕುಡಿಯಲಿ, ಬೀಗರ ಜೊತೆ ಜಗಳಾಡಲಿ, ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ನಮ್ಮಣ್ಣ ನೌಕರಿಯೆಲ್ಲ ಕಂಡಕ್ಟರ್ ಆಗಿಯೇ ಕಳೆದವನು. ಅವನು ಈ ಕಾನೂನಿಗೆ ತನ್ನದೂ ಒಂದು ಕಲಮು ಸೇರಿಸಿದ್ದ: ಹೊರಡುವ ಹೊತ್ತಿಗೆ ಸೀಟಿನ ಮೇಲೆ ಬರೀ ಟವೆಲ್ ಕಂಡರೆ ಸೀಟಿ ಊದಬಾರದು. ಒಳಗಿನವರು ಎಷ್ಟು ಗೊಣಗಿದರೂ ಅವನದು ಒಂದೇ ಮಾತು. "ಟವೆಲ್ ಐತಿ, ಮನಷ್ಯಾ ಬರ್ತಾನ. ಸುಮ್ನ ಕುಂಡ್ರಿ." ಹಿರೇಹಂದಿಗೋಳದ ಹೊಲಗಳ ನಡುವೆ ಕೈಬೀಸುತ್ತ ಓಡಿ ಬರುವ ಹೆಂಗಸರಿಗಾಗಿ ಅವನು ಬಸ್ಸು ನಿಲ್ಲಿಸಿಕೊಂಡದ್ದನ್ನು ನಾನೇ ಎಷ್ಟು ಸಲ ನೋಡಿಲ್ಲ! ನಾನೋ, ಬಸ್ಸಿಗೆ ಒಂದು ತಾಸು ಮೊದಲೇ ಹೋಗಿ ನಿಲ್ಲುವವಳು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹೊರಟುಹೋದ ಗಾಡಿಗಳ ಬಗ್ಗೆ ಪಾಠ ಮಾಡುವವಳಿಗೆ ಇರುವ ಗಾಡಿಯ ಬಗ್ಗೆ ಅಷ್ಟು ಹೆದರಿಕೆ ಇರುವುದು ಸಹಜವೆಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ನಿವೃತ್ತನಾದ ಮೇಲೆ ಅಣ್ಣನಿಗೆ ಹಡಗಿನ ಹುಚ್ಚು ಹಿಡಿಯಿತು. "ನೌಕರಿ ತುಂಬ ಡಾಂಬರ್ ಮ್ಯಾಲ ಅಡ್ಡಾಡೀನಿ, ಒಂದ ಸಲ ನೀರಿನ ಮ್ಯಾಲ ಹೋಗೂಣು" ಎಂದ. ವೈನಿ ಕೈ ಮುಗಿದುಬಿಟ್ಟರು. "ನನಗ ಜೋಕಾಲಿ ಮ್ಯಾಲ ಕುಂತ್ರ ತಲಿ ತಿರಗತೈತಿ. ನೀವ ಅಣ್ಣ-ತಂಗಿ ಹೋಗಿ ಬರ್ರಿ. ನಾ ಇಲ್ಲೇ ಬಾವಿ ನೋಡ್ಕೋಂತ ಇರ್ತೀನಿ." ಹೀಗೆ ನಾನೊಬ್ಬಳೇ ಇರುವ ಬೆಟಗೇರಿಯ ಮನೆಗೆ ಬೀಗ ಹಾಕಿ ನಾನೂ ಹೊರಟೆ. ಚೆನ್ನೈಯಿಂದ ಶ್ರೀಲಂಕೆಗೆ ಹೋಗಿ ಬರುವ ಹಡಗು.

ಹಡಗು ಒಂದು ಊರಿನ ಎದುರು ನಿಂತಾಗ ದಡಕ್ಕೆ ಹೋಗಲು ಎರಡು ದಾರಿ. ಹಡಗಿನವರೇ ಏರ್ಪಡಿಸುವ ಟೂರು ಒಂದು. ಇಲ್ಲವೇ ನಮ್ಮಷ್ಟಕ್ಕೆ ನಾವು ಇಳಿದು, ನಮ್ಮ ಗಾಡಿ ನಾವು ಹುಡುಕಿಕೊಂಡು ತಿರುಗಾಡುವುದು. ಟೂರಿನ ಕೌಂಟರಿನಲ್ಲಿದ್ದ ಹುಡುಗಿ ನಗುನಗುತ್ತಲೇ ಎಚ್ಚರಿಸಿದಳು: ನಮ್ಮ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮಷ್ಟಕ್ಕೆ ಹೋಗಿ ತಡಮಾಡಿದರೆ ಕಾಯುವುದಿಲ್ಲ. ನಾನು ಅದನ್ನು ಅಣ್ಣನಿಗೆ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

"ಅದೆಲ್ಲಾ ಹೆದರಸೂ ಮಾತು" ಎಂದು ಅವನು ನಕ್ಕ. "ಟೆಂಪೋ ಹತ್ತೂ ಮಂದೀಗೆ ನಾವೂ ಹಂಗ ಹೇಳ್ತಿದ್ವಿ. ನಡುದಾರ್‍ಯಾಗ ಬಿಟ್ಟು ಹೋಗ್ತಾರ ನೋಡ್ರಿ ಅಂತ."

"ಅಣ್ಣಾ, ಇದು ಬಸ್ ಅಲ್ಲ."

"ಮತ್ತೇನೈತಿ? ಮಂದೀನ ಹತ್ತಸ್ತಾರ, ಮಂದೀನ ಇಳಸ್ತಾರ. ದೊಡ್ಡ ಬಸ್ಸು, ಅಷ್ಟ."

ಅವನಿಗೆ ಬೇಕಿದ್ದದ್ದು ಟೂರಿನವರು ತೋರಿಸುವ ಗುಡಿಯೂ ಅಲ್ಲ, ಬಂಡೆಯೂ ಅಲ್ಲ. ಆ ಊರಿನ ಕೆಂಪು ಬಸ್ಸು ಹತ್ತಬೇಕು, ಅಲ್ಲಿಯ ಕಂಡಕ್ಟರ್ ಹೇಗೆ ಟಿಕೆಟ್ ಕೊಡುತ್ತಾನೆ, ಹೇಗೆ ಸೀಟಿ ಊದುತ್ತಾನೆ ನೋಡಬೇಕು. ಇದಕ್ಕೆ ಯಾವ ಹಡಗಿನವರು ಟೂರು ಏರ್ಪಡಿಸುತ್ತಾರೆ? ಬೆಳಿಗ್ಗೆ ಮೇಲಟ್ಟದಲ್ಲಿ ಎರಡು ಕುರ್ಚಿ ಆರಿಸಿ, ಒಂದರ ಮೇಲೆ ತನ್ನ ಟವೆಲ್ ಹಾಸಿದ. "ಸಂಜಿಕ ಇಲ್ಲೇ ಕುಂತು ಚಹಾ ಕುಡಿಯೂಣು. ನಂದು ಜಾಗಾ ಹಿಡದ ಇಡು" ಎಂದು ಹೇಳಿ ಇಳಿದುಹೋದ.

ನಾನು ಹಡಗಿನವರ ಟೂರಿನಲ್ಲಿ ಹೋದೆ. ಕಿಟಕಿ ತೆರೆಯದ ತಣ್ಣನೆಯ ಬಸ್ಸು. ಮುಂದೆ ಒಬ್ಬ ಹಳದಿ ಬಾವುಟ ಹಿಡಿದು ನಡೆಯುತ್ತಿದ್ದ, ಹಿಂದೆ ನಾವು. ಆ ಊರಿನ ಬಗ್ಗೆ ಇವತ್ತು ಕೇಳಿದರೆ ನನಗೆ ಖಚಿತವಾಗಿ ನೆನಪಿರುವುದು ಆ ಬಾವುಟದ ಬಟ್ಟೆ ಮಾತ್ರ. ಹೊತ್ತಿಗೆ ಸರಿಯಾಗಿ ಹಡಗಿಗೆ ತಂದು ಬಿಟ್ಟರು. ಟವೆಲ್ಲಿನ ಪಕ್ಕದ ಕುರ್ಚಿಯಲ್ಲಿ ಕೂತೆ.

ಕೊನೆಯ ದೋಣಿಯಿಂದ ಇಳಿದವರಲ್ಲಿ ಅಣ್ಣ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ ಅವನ ಹೆಸರನ್ನು ಮೂರು ತುಂಡು ಮಾಡಿ ಕೂಗತೊಡಗಿದರು. ಬಿಳಿ ಅಂಗಿಯ ಅಧಿಕಾರಿಯೊಬ್ಬರು ನನ್ನ ಬಳಿ ಬಂದು, ಅಣ್ಣನ ಪಾಸ್‌ಪೋರ್ಟ್ ತಂದು ಕೊಡಿ, ಅದನ್ನು ದಡಕ್ಕೆ ಕಳಿಸುತ್ತೇವೆ, ಅವರು ಆಮೇಲೆ ವಿಮಾನ ಹಿಡಿದು ಬರಬಹುದು ಎಂದರು. ಬಹಳ ಸೌಜನ್ಯದಿಂದಲೇ ಹೇಳಿದರು. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಪ್ರಬಂಧಗಳನ್ನು ಬರೆದಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು ಒಂದೇ ವಾಕ್ಯ: "ಅವರ ಟವೆಲ್ ಇಲ್ಲಿದೆ." ಅಧಿಕಾರಿ ಟವೆಲ್ ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿನಲ್ಲಿ ಕೆಲಸದವನೊಬ್ಬ ಸುರುಳಿ ಸುತ್ತಿದ ಹೊಸ ಬಿಳಿ ಟವೆಲ್ಲೊಂದನ್ನು ತಂದುಕೊಟ್ಟ. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ, ನೀವೂ ನಗಬಹುದು. ಸಾವಿರಾರು ಜನರಿದ್ದ ಆ ಹಡಗಿನಲ್ಲಿ ನನ್ನ ಮಾತು ತಿಳಿಯುವವರು ಒಬ್ಬರೂ ಇಲ್ಲವೆಂದು ನನಗೆ ಖಾತ್ರಿಯಾದದ್ದು ಆ ಟವೆಲ್ ಕೈಗೆ ಬಂದಾಗ.

ಲಂಗರು ಎತ್ತುವ ಸದ್ದು ಕಾಲಡಿಯಲ್ಲಿ ಶುರುವಾಗಿತ್ತು. ಆಗ ಮೀನುಗಾರರ ಸಣ್ಣ ದೋಣಿಯೊಂದು ಅಲೆಗಳ ಮೇಲೆ ಏಳುತ್ತ ಬೀಳುತ್ತ ಬಂತು. ಅದರ ಮೂತಿಯಲ್ಲಿ, ಬಸ್ಸಿನ ಬಾಗಿಲಿನ ಪಾವಟಿಗೆಯ ಮೇಲೆ ನಿಲ್ಲುವಂತೆಯೇ ಒಂದು ಕೈ ಎತ್ತಿ ಅಣ್ಣ ನಿಂತಿದ್ದ. ಹಡಗಿನ ಪಕ್ಕದ ಬಾಗಿಲು ತೆರೆದು ಏಣಿ ಬಿಟ್ಟರು. ಮೇಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ತಡಿ, ದೋಣಿ ಹತ್ತಿರ ಬರಲಿ ಎಂದು ಹಡಗಿನವರು ಕೈಸನ್ನೆ ಮಾಡುತ್ತಿದ್ದರು. ಅಣ್ಣ ತಡೆಯಲಿಲ್ಲ. ಚಲಿಸುವ ಬಸ್ಸಿಗೆ ಜೀವಮಾನವೆಲ್ಲ ಹಾರಿದ ಕಾಲು, ತಾನಾಗಿ ಹಾರಿತು.

ಬಸ್ಸಿನ ಪಾವಟಿಗೆ ದೋಣಿಯ ಹಾಗೆ ಏಳುತ್ತ ಬೀಳುತ್ತ ಇರುವುದಿಲ್ಲ. ಕಾಲು ಜಾರಿತು. ಅಣ್ಣ ಒಂದೇ ಕೈಯಲ್ಲಿ ಏಣಿಗೆ ಜೋತುಬಿದ್ದ. ದೋಣಿ ಹಿಂದೆ ಸರಿಯಿತು. ಆಮೇಲೆ ಅಲೆ ಅದನ್ನು ಎತ್ತಿ ಹಡಗಿನ ಕಬ್ಬಿಣದ ಗೋಡೆಯ ಕಡೆ ತಂದಿತು. ನಡುವೆ ಅಣ್ಣನ ಎರಡು ಕಾಲು. ಮೇಲಿದ್ದ ಒಬ್ಬ ಬಾಗಿ ಅವನ ಅಂಗಿಯ ಕೊರಳಪಟ್ಟಿ ಹಿಡಿದೆಳೆದ. ಕಾಲು ಮೇಲೆ ಹೋದವು, ಒಂದು ಚಪ್ಪಲಿ ಕೆಳಗೆ ಬಿತ್ತು. ದೋಣಿ ಗೋಡೆಗೆ ಬಡಿದು ಮತ್ತೆ ಸರಿದಾಗ ಆ ಚಪ್ಪಲಿ ಚಪ್ಪಲಿಯಾಗಿ ಉಳಿದಿರಲಿಲ್ಲ.

ಒಂದೇ ಚಪ್ಪಲಿಯಲ್ಲಿ ಅಣ್ಣ ಮೇಲೆ ಬಂದ. ಕುರ್ಚಿಯ ಮೇಲಿನ ಟವೆಲ್ ಎತ್ತಿ ಮುಖ ಒರೆಸಿಕೊಂಡ. "ನೋಡಿದ್ಯಾ? ಟವೆಲ್ ಇತ್ತು, ತಡದ್ರು" ಎಂದ. ಯಾಕೆ ತಡವಾಯಿತೆಂದರೆ, ಅಲ್ಲಿಯ ಕಂಡಕ್ಟರ್ ಚೀಲ ಹೊತ್ತು ಓಡಿ ಬರುತ್ತಿದ್ದ ಮುದುಕಿಯೊಬ್ಬಳಿಗಾಗಿ ಬಸ್ಸು ನಿಲ್ಲಿಸಿಕೊಂಡನಂತೆ. "ಥೇಟ್ ನಮ್ಮ ಹಂಗ ಲೇ! ನನಗ ಎಷ್ಟ್ ಖುಷಿ ಆತು!" ಚಹಾ ಬಂತು, ಅವನು ಎರಡೂ ಕಪ್ಪು ಕುಡಿದ.

ಊರಿಗೆ ಬಂದ ಮೇಲೆ ಅಣ್ಣ ಇದನ್ನು ಒಂದು ಕಥೆ ಮಾಡಿದ. ಮುಂಡರಗಿ ಸ್ಟ್ಯಾಂಡಿನ ಹಳೆಯ ಗೆಳೆಯರ ಮುಂದೆ, ಹೊಂಬಳದ ಮದುವೆಯ ಪಂಕ್ತಿಯಲ್ಲಿ, ಎಲ್ಲ ಕಡೆ ಅದೇ. "ಲಂಕಾಕ್ಕ ರಾಮ ಸೇತುವೆ ಕಟ್ಟಿದ, ನಾ ಚಪ್ಪಲಿ ಕೊಟ್ಟ ಬಂದೀನಿ." ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಕಥೆಯಲ್ಲಿ ದೋಣಿ ಹಿಂದೆ ಸರಿಯುತ್ತಿತ್ತು, ಮತ್ತೆ ಮುಂದೆ ಬರುತ್ತಿರಲಿಲ್ಲ. ಅದು ಮುಂದೆ ಬರುತ್ತಿದ್ದುದು ನನ್ನ ಮನೆಯಲ್ಲಿ, ನಾನು ಕಣ್ಣು ಮುಚ್ಚಿದಾಗ. ಪಕ್ಕದ ಓಣಿಯಲ್ಲಿ ಮಗ್ಗದ ಪೆಟ್ಟು ಬಿದ್ದರೆ ಗೋಡೆಗೆ ದೋಣಿ ಬಡಿದಂತೆ ಬೆಚ್ಚುತ್ತಿದ್ದೆ, ಹುಟ್ಟಿದಂದಿನಿಂದ ಅದೇ ಸದ್ದಿನಲ್ಲಿ ಮಲಗಿದವಳು! ಯಾರಿಗೆ ಹೇಳಲಿ? ಕಾಲು ಜಾರಿದವನೇ ನಗುತ್ತಿರುವಾಗ, ಮೇಲೆ ನಿಂತು ನೋಡಿದವಳು ಅಳುವುದು ಎಂಥ ಅಸಂಬದ್ಧ.

ಹಡಗಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ಕೇಳಿದರು: "ಮೇಡಂ, ಹಡಗಿನವ್ರ ಟೂರ್ ಚಲೋನೋ, ನಾವಾ ಹೋಗೂದು ಚಲೋನೋ?" ಊರು ನೋಡಬೇಕೆಂದರೆ ನೀವೇ ಹೋಗಿ, ತಿರುಗಿ ಬರಬೇಕೆಂದರೆ ಅವರ ಜೊತೆ ಹೋಗಿ ಎಂದೆ. ಜಾಣತನದ ಮಾತೆಂದು ಅವರು ನಕ್ಕರು. ಬಾವುಟ ನೋಡಿ ಬಂದವಳು, ಬಸ್ಸು ನೋಡಿ ಬಂದವನು, ಇಬ್ಬರಲ್ಲಿ ಯಾರ ಪ್ರವಾಸ ಸಾರ್ಥಕವಾಯಿತೆಂದು ನನಗೇ ಗೊತ್ತಿರಲಿಲ್ಲ.

ನಿನ್ನೆ ಅಣ್ಣನೂ ನಾನೂ ಲಕ್ಷ್ಮೇಶ್ವರದಲ್ಲಿ ಒಂದು ತೊಟ್ಟಿಲ ಕಾರ್ಯ ಮುಗಿಸಿಕೊಂಡು ಮುಂಡರಗಿಯ ಬಸ್ಸು ಹತ್ತಿದೆವು. ಶಿರಹಟ್ಟಿಯಲ್ಲಿ ಬಸ್ಸು ನಿಂತಿತು. ಅಲ್ಲಿ ಮಿರ್ಚಿ ಕರಿಯುವ ವಾಸನೆ ಬಂದರೆ ಅಣ್ಣ ಸೀಟಿಗೆ ಟವೆಲ್ ಎಸೆದು ಇಳಿದೇ ಬಿಡುವವನು. ನಿನ್ನೆ ಇಳಿಯಲಿಲ್ಲ. ಟವೆಲ್ ಹೆಗಲ ಮೇಲೆಯೇ ಇತ್ತು. ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ.

"ಮಿರ್ಚಿ ಬ್ಯಾಡೇನು?"

"ಹಸಿವಿಲ್ಲ."

"ನಿನಗ? ಹಸಿವಿಲ್ಲ?"

ಅವನು ಹೊರಗೆ ನೋಡುತ್ತಲೇ ಇದ್ದ. "ಬಸ್ ಬಿಟ್ರ?" ಎಂದ.

ಹೊಲದ ನಡುವಿನ ಹೆಂಗಸರಿಗೂ ಬಸ್ಸು ನಿಲ್ಲಿಸಿದವನ ಬಾಯಿಂದ ಈ ಮಾತು! ನಾನು ಅವನ ಕೈ ನೋಡಿದೆ. ಎರಡೂ ಇನ್ನೂ ಸರಳಿನ ಮೇಲೆಯೇ ಇದ್ದವು.

"ಅಣ್ಣಾ, ನಿನಗೂ?"

"ಮತ್ತ? ಮೂರ ತಿಂಗಳಾತು, ಬಸ್ಸಿಂದ ಇಳಿಯಾಕ ಕಾಲ ಏಳವಲ್ದು" ಎಂದ, ಯಾರಿಗೂ ಕೇಳದ ಹಾಗೆ. "ರಾತ್ರಿ ಮಂಚದ ಮ್ಯಾಲ ಕಾಲ ಎಳಕೊಂಡ ಏಳ್ತೀನಿ. ನಿಮ್ಮ ವೈನೀಗೆ ಕಾಲ ಹಿಡೀತಾವ ಅಂತ ಹೇಳೀನಿ, ದಿನಾ ಎಣ್ಣಿ ಹಚ್ತಾಳ ಪಾಪ."

"ಮತ್ತ ಮಂದಿ ಮುಂದ ನಗಸೂದು?"

"ನಾನ ಅತ್ತರ ಯಾರ್ ಕೇಳ್ತಾರಲೇ?"

ಆಮೇಲೆ ನಾನು ಎದ್ದೆ, ಬಸ್ಸು ನಿಂತಾಗ ಎಂದೂ ಇಳಿಯದ ನಾನು. ಅಣ್ಣ ಗಾಬರಿಯಿಂದ ಮುಖ ಎತ್ತಿದ. ಅವನ ಹೆಗಲಿನಿಂದ ಟವೆಲ್ ತೆಗೆದು ನನ್ನ ಸೀಟಿನ ಮೇಲೆ ಹಾಸಿದೆ. "ನೀ ಅದೀಯಲ್ಲ" ಎಂದೆ.

ಕೆಳಗೆ ತಳ್ಳುಗಾಡಿಯವನು ಮಿರ್ಚಿಯನ್ನು ಕಾಗದದಲ್ಲಿ ಸುತ್ತುವಷ್ಟರಲ್ಲಿ ಹಿಂದೆ ಬಸ್ಸು ಗುರುಗುಟ್ಟಿತು, ಸೀಟಿಯೂ ಕೇಳಿತು. ಅದರ ಬೆನ್ನಿಗೇ ಬಸ್ಸಿನ ತಗಡನ್ನು ಯಾರೋ ದಬದಬ ಬಡಿಯುವ ಸದ್ದು, ಅದರ ಮೇಲೆ ಅಣ್ಣನ ಹಳೆಯ ಗಂಟಲು: "ಏ ತಮ್ಮಾ, ತಡೀಯೋ! ಟವೆಲ್ ಐತಿ! ನಮ್ಮ ತಂಗಿ ಬರಾಕತ್ಯಾಳ!"

ನಾನು ಓಡಲಿಲ್ಲ. ನಡೆದುಕೊಂಡೇ ಬಂದೆ. ಬಸ್ಸು ನಿಂತಿತ್ತು.

ರಾತ್ರಿ ಇಲ್ಲೇ, ಅಣ್ಣನ ಮನೆಯಲ್ಲಿ, ಉಳಿದೆ. ಎಚ್ಚರವಾದಾಗ ವೈನಿ ತಲೆಯ ಬಳಿ ನಿಂತಿದ್ದರು. "ಏಳವಾ, ಬಿಸಲ ಬಂತು. ಏನ್ ಆಗೇತಿ ಇವತ್ತ ನಿಮಗ? ನಿಮ್ಮಣ್ಣನೂ ಇನ್ನೂ ಎದ್ದಿಲ್ಲ, ರಾತ್ರಿ ಎಣ್ಣೀನೂ ಕೇಳಲಿಲ್ಲ" ಎಂದು ಹೇಳಿ, ಒಗೆದ ಟವೆಲ್ ಹಿಂಡುತ್ತ ಅಂಗಳಕ್ಕೆ ಹೋದರು.